ನೀರಿನಿಂದ ಕಂಡ ಊರು

ಸರ್ಕಾರಿ ಕೆಲಸದ ಮೇಲೆ ತಿರುಮಕೂಡಲು ನರಸೀಪುರಕ್ಕೆ ಎಷ್ಟು ಬಾರಿ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿಬಾರಿಯೂ ಜೀಪಿನಲ್ಲಿ, ರಸ್ತೆಯ ಕಡೆಯಿಂದ. ಆ ಊರನ್ನು ನದಿಯ ಕಡೆಯಿಂದ ನೋಡಿದ್ದು ನಿವೃತ್ತಿಯ ನಂತರ, ಹರಿಗೋಲಿನಲ್ಲಿ ಕುಳಿತ ಒಂದು ಮುಂಜಾನೆ.

ಕಪಿಲೆ ಕಾವೇರಿಯನ್ನು ಕೂಡುವಲ್ಲಿ ಹರಿಗೋಲು ನೇರವಾಗಿ ಚಲಿಸದು, ತಿರುತಿರುಗಿ ಸಾಗುತ್ತದೆ. ಒಂದು ಸುತ್ತಿನಲ್ಲಿ ಗುಂಜಾ ನರಸಿಂಹಸ್ವಾಮಿಯ ಗೋಪುರ, ಮರುಸುತ್ತಿನಲ್ಲಿ ಆಚೆ ದಡದ ಅಗಸ್ತ್ಯೇಶ್ವರ. ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಊರಿನವರ ಅಭಿಮಾನ. (ಅರ್ಥಶಾಸ್ತ್ರ ಓದಿದ ನನಗೆ ಅಷ್ಟು ಸೂಕ್ಷ್ಮವಾದ ಮಾಪನ ಬೇರೆಲ್ಲೂ ದೊರೆತಿಲ್ಲ.) ರಸ್ತೆಯಿಂದ ಬರುವವರಿಗೆ ಸೋಪಾನಗಳು ಕಡೆಯಲ್ಲಿ ಕಾಣುತ್ತವೆ. ನೀರಿನಿಂದ ಬರುವವರಿಗೆ ಕ್ಷೇತ್ರ ಆರಂಭವಾಗುವುದೇ ಅಲ್ಲಿಂದ.

ಮಧ್ಯಾಹ್ನ ನಂಜನಗೂಡಿಗೆ ಹೋದೆ. ಅಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಸೇತುವೆಯಿದೆ. ಎತ್ತಿನಗಾಡಿಗಳಿಗೆಂದು ಕಟ್ಟಿದ ಅದು ಮುಂದೆ ರೈಲುಹಳಿಯನ್ನೂ ಹೊತ್ತಿತು. ಇಂದು ಭಾರವೆಲ್ಲ ಹೊಸ ಸೇತುವೆಗಳ ಪಾಲು. ಶ್ರೀಕಂಠೇಶ್ವರನ ಗೋಪುರವನ್ನು ನೋಡುವ ಯಾತ್ರಿಕರಲ್ಲಿ ಈ ಕಮಾನುಗಳತ್ತ ತಿರುಗುವವರು ವಿರಳ. ಸಮೀಪದ ಹದಿನಾರು ಕಾಲು ಮಂಟಪ 2018, 2019 ಮತ್ತು 2024ರ ಪ್ರವಾಹಗಳಲ್ಲಿ ಮುಳುಗಿತು. ನೀರಿಳಿದಾಗ ಕಂಬಗಳು ನಿಂತೇ ಇದ್ದವು. ಗೋಡೆ ಕಟ್ಟದೆ ಕಂಬ ನಿಲ್ಲಿಸಿದವರಿಗೆ ನದಿ ಎಲ್ಲಿಯವರೆಗೆ ಏರುತ್ತದೆಂದು ಗೊತ್ತಿದ್ದಿರಬೇಕೆಂಬುದು ನನ್ನ ಊಹೆ.

ಬೆಳಗಿನ ಅಂಬಿಗನ ಮಾತೊಂದು ಮಾತ್ರ ಮನಸ್ಸನ್ನು ಚುಚ್ಚುತ್ತಲೇ ಇತ್ತು. ದಡ ಸೇರುವಾಗ ಆತ ಹಳೆಯ ಕಲ್ಲುಮೆಟ್ಟಿಲನ್ನೇ ಹುಡುಕಿದ. ಕಾರಣ ಕೇಳಿದೆ. "ಕಲ್ಲಾದ್ರೆ ತೆಪ್ಪ ಜಾರ್ತದೆ ಸಾರ್, ಸಿಮೆಂಟಾದ್ರೆ ತಳ ಹರೀತದೆ" ಎಂದ.

ಸೇವೆಯಲ್ಲಿದ್ದಾಗ ಬೇರೊಂದು ನದೀತೀರದ ಊರಿನಲ್ಲಿ "ಶಿಥಿಲಗೊಂಡ ಸೋಪಾನಗಳ ಮೇಲೆ ಕಾಂಕ್ರೀಟ್ ಹಾಸುವ" ಕಡತ ನನ್ನ ಮೇಜಿಗೆ ಬಂದಿತ್ತು. ಅಂದಾಜುಪಟ್ಟಿ ಸರಿಯಿತ್ತು, ಅನುದಾನ ವ್ಯಪಗತವಾಗುವ ಭಯವಿತ್ತು. ಮಾರ್ಚ್ ತಿಂಗಳು. ಸ್ಥಳಪರಿಶೀಲನೆಗೆ ಹೋದವನು ಮೇಲಿನ ಮೆಟ್ಟಿಲಿನಲ್ಲೇ ನಿಂತು ಸಹಿ ಹಾಕಿದೆ. ಕೆಳಗಿಳಿದಿದ್ದರೆ, ಶತಮಾನಗಳ ಪಾದಗಳು ಸವೆಸಿದ ಆ ಕಲ್ಲುಗಳಲ್ಲಿ ಶಿಥಿಲವಾಗಿದ್ದವು ಎಷ್ಟೆಂದು ಎಣಿಸಬಹುದಿತ್ತು. ಆ ಊರಿಗೂ ಒಮ್ಮೆ ನೀರಿನ ಕಡೆಯಿಂದ ಹೋಗಬೇಕೆಂದಿದ್ದೇನೆ. ಅಲ್ಲೀಗ ಹರಿಗೋಲು ಉಳಿದಿದೆಯೇ ಎಂದು ಮೊದಲು ವಿಚಾರಿಸಬೇಕು.