ಅಳಿದುಹೋದ ಸಮಸ್ಥಾನಿಗೆ ಉಳಿದ ಸಾಕ್ಷಿ: ಎಳೆಯ ಸೂರ್ಯ ಮತ್ತು ಬೆರಿಲಿಯಂ-10

ಒಂಬತ್ತನೇ ತರಗತಿಯ ‘ಪರಮಾಣುವಿನ ರಚನೆ’ ಪಾಠದಲ್ಲಿ ಸಮಸ್ಥಾನಿಗಳು ಬರುತ್ತವೆ. ಅವು ಎಲ್ಲಿ ಹುಟ್ಟಿದವು ಎಂದು ಮಕ್ಕಳು ಕೇಳಿದರೆ ‘ನಕ್ಷತ್ರಗಳ ಒಡಲಲ್ಲಿ’ ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿರುತ್ತದೆ. ಬೆರಿಲಿಯಂ-10ರ ಮಟ್ಟಿಗೆ ಆ ಉತ್ತರ ಸಲ್ಲದು. ಬೋಧನಾಭ್ಯಾಸದಲ್ಲಿ ಇದನ್ನು ಪೂರಕ ಪಾಠವಾಗಿ ತೆಗೆದುಕೊಂಡಾಗ ಒಬ್ಬ ವಿದ್ಯಾರ್ಥಿನಿ, “ಆಗಿನದು ಒಂದೂ ಉಳಿದಿಲ್ಲ ಅಂದ್ರೆ, ಇತ್ತು ಅಂತ ಹೇಗೆ ಗೊತ್ತು ಮಿಸ್?” ಎಂದಳು. ಈ ಪಾಠದ ತಿರುಳೇ ಆ ಪ್ರಶ್ನೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಉತ್ತರ ಕಟ್ಟುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲ ಹಂತ: ಉಳಿದಿಲ್ಲ ಎಂಬುದರ ಲೆಕ್ಕ

ಬೆರಿಲಿಯಂ-10ರ ಅರ್ಧಾಯು ಸುಮಾರು 13.9 ಲಕ್ಷ ವರ್ಷ. ಸೌರವ್ಯೂಹದ ವಯಸ್ಸು ಸುಮಾರು 457 ಕೋಟಿ ವರ್ಷ. ಭಾಗಿಸಿದರೆ 3,200ಕ್ಕೂ ಹೆಚ್ಚು ಅರ್ಧಾಯುಗಳು ಕಳೆದಿವೆ. ಅರ್ಧ, ಕಾಲು, ಅರೆಕಾಲು ಎಂದು ಮಕ್ಕಳೇ ಹಲಗೆಯ ಮೇಲೆ ಬರೆಯುತ್ತಾ ಹೋಗಲಿ. ಹತ್ತನೆಯ ಸಲಕ್ಕೇ 1,024ರಲ್ಲಿ ಒಂದು ಪಾಲು ಉಳಿಯುತ್ತದೆ. ಇಂದು ನಮ್ಮ ವಾತಾವರಣದಲ್ಲಿ ಸಿಗುವ ಬೆರಿಲಿಯಂ-10 ಕಾಸ್ಮಿಕ್ ಕಿರಣಗಳ ಹೊಡೆತದಿಂದ ಹೊಸದಾಗಿ ಹುಟ್ಟುತ್ತಿರುವುದು, ಹಳೆಯದಲ್ಲ.

ಎರಡನೆಯ ಹಂತ: ಹುಟ್ಟಿದ ಬಗೆ

ನಕ್ಷತ್ರದ ಒಳಗಿನ ತಾಪದಲ್ಲಿ ಬೆರಿಲಿಯಂ ನಾಶವಾಗುತ್ತದೆ. ಆದ್ದರಿಂದ ದೊಡ್ಡ ನ್ಯೂಕ್ಲಿಯಸ್ಸು ಒಡೆದು ಅದು ಹುಟ್ಟಬೇಕು. ಕೇರಂ ಬೋರ್ಡಿನ ನಡುವೆ ಒತ್ತೊತ್ತಾಗಿ ಇಟ್ಟ ಕಾಯಿಗಳಿಗೆ ಸ್ಟ್ರೈಕರ್ ಬಡಿದಂತೆ, ವೇಗದ ಪ್ರೋಟಾನೊಂದು ಆಕ್ಸಿಜನ್ ನ್ಯೂಕ್ಲಿಯಸ್ಸಿಗೆ ಬಡಿದಾಗ ಅದು ಚೂರಾಗುತ್ತದೆ. ಕೆಲವೊಮ್ಮೆ 4 ಪ್ರೋಟಾನ್, 6 ನ್ಯೂಟ್ರಾನ್ ಇರುವ ಚೂರು ಉಳಿಯುತ್ತದೆ. ಅದೇ ಬೆರಿಲಿಯಂ-10.

ಅಂಥ ಪ್ರೋಟಾನುಗಳನ್ನು ಎಳೆಯ ಸೂರ್ಯ ಉಗುಳಿರಬಹುದೇ? ಚಂದ್ರಾ ಎಕ್ಸ್-ಕಿರಣ ದೂರದರ್ಶಕ 2003ರಲ್ಲಿ ಒರಾಯನ್ ನೀಹಾರಿಕೆಯ ಎಳೆಯ ನಕ್ಷತ್ರಗಳನ್ನು ಗಮನಿಸಿತು. ಸೂರ್ಯನಂಥ ಎಳೆಯ ನಕ್ಷತ್ರಗಳ ಜ್ವಾಲೆಗಳು ಇಂದಿನ ಸೂರ್ಯನ ಜ್ವಾಲೆಗಳಿಗಿಂತ ಬಹಳ ಪ್ರಬಲ, ಬಹಳ ಪದೇ ಪದೇ ಏಳುವಂಥವು ಎಂದು ತಿಳಿಯಿತು.

ಮೂರನೆಯ ಹಂತ: ಸಾಕ್ಷಿ

ಇಲ್ಲಿ ಹೆಚ್ಚು ಸಮಯ ಕೊಡಬೇಕು. 1969ರ ಫೆಬ್ರವರಿಯಲ್ಲಿ ಮೆಕ್ಸಿಕೋದಲ್ಲಿ ಅಯೆಂದೆ ಉಲ್ಕಾಶಿಲೆ ಬಿತ್ತು. ಅದರಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಹೆಚ್ಚಿರುವ ಬಿಳಿಯ ತುಣುಕುಗಳಿವೆ. ಸೌರವ್ಯೂಹದಲ್ಲಿ ಮೊದಲು ಗಟ್ಟಿಯಾದ ವಸ್ತುಗಳು ಇವು. 2000ದಲ್ಲಿ ಕೆವಿನ್ ಮೆಕೀಗನ್ ಮತ್ತು ಸಂಗಡಿಗರು ಇಂಥ ಒಂದು ತುಣುಕಿನ ಹಲವು ಜಾಗಗಳಲ್ಲಿ ಬೆರಿಲಿಯಂ, ಬೋರಾನ್‌ಗಳನ್ನು ಅಳೆದರು.

ಬೆರಿಲಿಯಂ-10 ಕ್ಷಯಿಸಿದರೆ ಬೋರಾನ್-10 ಆಗುತ್ತದೆ. ಬೋರಾನ್-10 ಮೊದಲಿನಿಂದಲೇ ಬೆರೆತದ್ದಾಗಿದ್ದರೆ, ಬೋರಾನ್-11ರೊಡನೆ ಅದರ ಅನುಪಾತ ಎಲ್ಲ ಕಡೆ ಒಂದೇ ಇರಬೇಕಿತ್ತು. ಹಾಗಿರಲಿಲ್ಲ. ಬೋರಾನಿಗೆ ಹೋಲಿಸಿದರೆ ಬೆರಿಲಿಯಂ ಎಲ್ಲಿ ಹೆಚ್ಚಿತ್ತೋ ಅಲ್ಲೇ ಬೋರಾನ್-10ರ ಪಾಲೂ ಏರಿತ್ತು. ಅಂದರೆ ಅದು ಬೆರಿಲಿಯಂ ಕೂತಿದ್ದ ಜಾಗದಲ್ಲೇ ಹುಟ್ಟಿದ್ದು. ಮಕ್ಕಳಿಗೆ ಗ್ರಾಫ್ ಹಾಳೆ ಕೊಟ್ಟು ಎರಡು ಗೆರೆ ಎಳೆಸಿ: ಅಡ್ಡಗೆರೆ ಎಂದರೆ ಬೆರಿಲಿಯಂ-10 ಇರಲೇ ಇಲ್ಲ, ಓರೆಗೆರೆ ಎಂದರೆ ಇತ್ತು. ಓರೆಯ ಪ್ರಮಾಣವೇ ಎಷ್ಟಿತ್ತು ಎಂಬುದನ್ನೂ ಹೇಳುತ್ತದೆ: ಸುಮಾರು ಸಾವಿರ ಬೆರಿಲಿಯಂ-9ಕ್ಕೆ ಒಂದು ಬೆರಿಲಿಯಂ-10.

ನಾಲ್ಕನೆಯ ಹಂತ: ಎಲ್ಲಿ ನಿಲ್ಲಬೇಕು

ಅಲ್ಪಾಯುಷಿ ಸಮಸ್ಥಾನಿಗಳೆಲ್ಲ ಸೂರ್ಯನ ಕೈಕೆಲಸ ಎಂದು ಪಾಠ ಮುಗಿಸಬಾರದು. ಕಬ್ಬಿಣ-60ಕ್ಕೆ ನಕ್ಷತ್ರವೇ ಬೇಕು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮರ್ಹಾಸ್, ಗೋಸ್ವಾಮಿ ಅವರು ಅಮೆರಿಕದ ಡೇವಿಸ್ ಜೊತೆ 2002ರಲ್ಲಿ ಮರ್ಚಿಸನ್ ಉಲ್ಕೆಯ ಕಣಗಳಲ್ಲಿ ಬೆರಿಲಿಯಂ-10ರ ಗುರುತು ಕಂಡರು. ಅದೇ ಕಣಗಳಲ್ಲಿ ಅಲ್ಯೂಮಿನಿಯಂ-26ರ ಗುರುತು ಇರಲಿಲ್ಲ. ಎರಡರ ಮೂಲ ಬೇರೆ ಎಂಬುದಕ್ಕೆ ಇದು ಬಲವಾದ ಆಧಾರ. ಸೌರವ್ಯೂಹಕ್ಕೆ ಜನ್ಮಕೊಟ್ಟ ಮೋಡದಲ್ಲೇ ಕಾಸ್ಮಿಕ್ ಕಿರಣಗಳಿಂದ ಬೆರಿಲಿಯಂ-10 ಸೇರಿರಬಹುದು ಎಂಬ ವಾದವೂ ಇದೆ.

ಆದ್ದರಿಂದ ಕೊನೆಗೆ ಹಲಗೆಯ ಮೇಲೆ ಮೂರು ಕಾಲಂ ಬರೆಯಿಸುತ್ತೇನೆ: ಅಳೆದದ್ದು, ಅದರಿಂದ ತಿಳಿದದ್ದು, ಇನ್ನೂ ಚರ್ಚೆಯಲ್ಲಿರುವುದು. ಬೆರಿಲಿಯಂ-10 ‘ಇತ್ತು’ ಎಂಬುದು ಎರಡನೆಯದರಲ್ಲಿ, ‘ಸೂರ್ಯನೇ ಮಾಡಿದ’ ಎಂಬುದು ಮೂರನೆಯದರಲ್ಲಿ ಸೇರಬೇಕು. ಮಕ್ಕಳು ಇಷ್ಟನ್ನು ಸರಿಯಾಗಿ ವಿಂಗಡಿಸಿದರೆ ನನ್ನ ಪಾಠದ ಉದ್ದೇಶ ಈಡೇರಿತು.