ದೂರದ ಗುರಿಗೆ ಲೇಸರ್ ಅಳತೆ

ಸಾವಿರ ಮೀಟರ್ ದೂರದ ಗುರಿಯತ್ತ ಹಾರುವ ಗುಂಡು ಕೊನೆಯ ಹಂತದಲ್ಲಿ ವೇಗ ಕಳೆದುಕೊಂಡು ಕಡಿದಾಗಿ ಕೆಳಗಿಳಿಯುವುದರಿಂದ, .308 ವಿಂಚೆಸ್ಟರ್‌ನಂಥ ಸಾಮಾನ್ಯ ತೋಟೆಯಲ್ಲಿಯೂ ದೂರದ ಅಂದಾಜು ಹತ್ತು ಮೀಟರ್ ತಪ್ಪಿದರೆ ಪೆಟ್ಟು ಸುಮಾರು ಕಾಲು ಮೀಟರ್ ಮೇಲೋ ಕೆಳಗೋ ಸರಿಯುತ್ತದೆ. ಗುರಿಯ ದೂರವನ್ನು ತಾವೇ ಅಳೆಯಬೇಕಾದ ಸ್ಪರ್ಧಿಗಳಿಗೆ ಲೇಸರ್ ರೇಂಜ್‌ಫೈಂಡರ್ ಬಂದೂಕಿನಷ್ಟೇ ಮುಖ್ಯವಾಗಿರುವುದು ಈ ಕಾರಣಕ್ಕೆ.

ಈ ಉಪಕರಣವು ಕಣ್ಣಿಗೆ ಕಾಣದ, ಸಾಮಾನ್ಯವಾಗಿ 905 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಮಿಡಿತಗಳನ್ನು ಕಳುಹಿಸಿ, ಅವು ಗುರಿಗೆ ಬಡಿದು ಮರಳುವ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಕಿಲೋಮೀಟರ್ ಹೋಗಿಬರಲು ಬೆಳಕಿಗೆ ಸುಮಾರು 6.7 ಮೈಕ್ರೋಸೆಕೆಂಡ್ ಸಾಕು. 'ಬ್ಯಾಲಿಸ್ಟಿಕ್' ಮಾದರಿಯು ಇಲ್ಲಿಗೆ ನಿಲ್ಲದೆ, ಗುಂಡಿನ ಆರಂಭಿಕ ವೇಗ, ಗಾಳಿಯ ತಡೆಯನ್ನು ಮೀರಿ ಸಾಗುವ ಅದರ ಸಾಮರ್ಥ್ಯವನ್ನು ಸೂಚಿಸುವ ಬ್ಯಾಲಿಸ್ಟಿಕ್ ಗುಣಾಂಕ, ಉಷ್ಣಾಂಶ, ವಾಯುಭಾರ ಮತ್ತು ಇಳಿಜಾರಿನ ಕೋನಗಳನ್ನು ಕೂಡಿಸಿ, ಬಂದೂಕಿನ ಸ್ಕೋಪಿನ ಹೊಂದಾಣಿಕೆ ಗುಂಡಿಯನ್ನು ಎಷ್ಟು ತಿರುಗಿಸಬೇಕೆಂದು ತಿಳಿಸುತ್ತದೆ. ಶೂಟರ್ ನಮೂದಿಸಿದ ಆರಂಭಿಕ ವೇಗ ತಪ್ಪಾಗಿದ್ದರೆ ಎಂಥ ದುಬಾರಿ ಉಪಕರಣದ ಉತ್ತರವೂ ತಪ್ಪೇ.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ಗರಿಷ್ಠ ದೂರಕ್ಕೆ ಮರುಳಾಗಬಾರದು, ಏಕೆಂದರೆ ಅದು ಸಾಮಾನ್ಯವಾಗಿ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುವ ಫಲಕಕ್ಕೆ ಅನ್ವಯಿಸುವಂಥದು. ಜಿಂಕೆಯ ಮೈಯಂಥ ಮಂಕು ಮೇಲ್ಮೈಯಲ್ಲಿ ಅಳೆಯಬಹುದಾದ ದೂರ ಬಹಳ ಕುಗ್ಗುತ್ತದೆ. ಅದಕ್ಕಿಂತ ಹೆಚ್ಚು ಪರಿಶೀಲಿಸಬೇಕಾದದ್ದು ಕಿರಣದ ಹರಡುವಿಕೆ: 1 ಮಿಲಿರೇಡಿಯನ್ ಹರಡುವ ಕಿರಣವು ಸಾವಿರ ಮೀಟರ್‌ನಲ್ಲಿ ಒಂದು ಮೀಟರ್ ಅಗಲವಾಗುವುದರಿಂದ, ಸಣ್ಣ ಗುರಿಯ ಬದಲು ಅದರ ಮುಂದಿನ ಹುಲ್ಲೋ ಹಿಂದಿನ ದಿಬ್ಬವೋ ಅಳತೆಗೆ ಸಿಕ್ಕಿಬಿಡಬಹುದು. ಕಿರಿದಾದ ಕಿರಣವೂ ನಡುಗುವ ಕೈಯಲ್ಲಿ ವ್ಯರ್ಥವಾದ್ದರಿಂದ ಮುಕ್ಕಾಲಿ ಅಗತ್ಯ. ಹೆಚ್ಚಿನ ಮಾದರಿಗಳು ಗಾಳಿಯ ವೇಗವನ್ನು ತಾವಾಗಿ ಅಳೆಯುವುದಿಲ್ಲವಾದ ಕಾರಣ, ಕೈಯಲ್ಲಿ ಹಿಡಿಯುವ ಗಾಳಿಮಾಪಕದೊಡನೆ ಬ್ಲೂಟೂತ್ ಮೂಲಕ ಸಂಪರ್ಕ ಸಾಧಿಸುವಂಥದು ಹೆಚ್ಚು ಯೋಗ್ಯ.