ವೈದ್ಯರನ್ನು ರೂಪಿಸುವ ಕಟ್ಟಡ

"ಮೆಗ್ಗಾನ್‌ಗೆ ಕರೆದುಕೊಂಡು ಹೋಗಿ." ಭದ್ರಾವತಿಯ ಅನೇಕ ಮನೆಗಳಿಗೆ ಈ ಮಾತು ಹೊಸತಲ್ಲ. ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಈ ಜಿಲ್ಲಾ ಆಸ್ಪತ್ರೆ ಬೋಧನಾ ಆಸ್ಪತ್ರೆಯೂ ಹೌದು. 2007ರಲ್ಲಿ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಸಿಮ್ಸ್‌ನ ತರಗತಿಗಳು ಆರಂಭವಾದವು. ಬೋಧನಾ ಆಸ್ಪತ್ರೆಯಲ್ಲಿ ವೈದ್ಯರೊಂದಿಗೆ ವಿದ್ಯಾರ್ಥಿಗಳೂ ರೋಗಿಯ ಮಂಚದ ಸುತ್ತ ನಿಲ್ಲುತ್ತಾರೆ. ಅವರಿಗೆ ಅದು ಪಾಠ. ಆದರೆ ಮಂಚದ ಮೇಲೆ ಮಲಗಿರುವ ಮಹಿಳೆಗೆ?

ಆಕೆಯ ಮುಜುಗರವನ್ನು ಕಡಿಮೆ ಮಾಡುವುದು ವೈದ್ಯರ ನಡವಳಿಕೆ ಮಾತ್ರವಲ್ಲ, ಕಟ್ಟಡದ ವಿನ್ಯಾಸವೂ ಹೌದು.

ಮೊದಲು ಗೊಂಬೆ, ಬಳಿಕ ರೋಗಿ

ಹಿಂದೆ ವೈದ್ಯಕೀಯ ಕಾಲೇಜೆಂದರೆ ಮೆಟ್ಟಿಲು ಮೆಟ್ಟಿಲಾದ ಉಪನ್ಯಾಸ ಕೊಠಡಿ, ಶವಚ್ಛೇದನ ಕೊಠಡಿ ಮತ್ತು ವಾರ್ಡು. ಈಗ 'ಸ್ಕಿಲ್ಸ್ ಲ್ಯಾಬ್' ಕೂಡಾ ಬೇಕು. 2020ರ ನಿಯಮಗಳು ಇದನ್ನು ಭಾರತದ ವೈದ್ಯಕೀಯ ಕಾಲೇಜುಗಳಿಗೆ ಕಡ್ಡಾಯಗೊಳಿಸಿದವು. ಚುಚ್ಚುಮದ್ದು, ಹೊಲಿಗೆ, ಹೆರಿಗೆ ಮಾಡಿಸುವ ಕ್ರಮಗಳನ್ನು ವಿದ್ಯಾರ್ಥಿಗಳು ಮೊದಲು ಗೊಂಬೆಗಳ ಮೇಲೆ ಕಲಿಯುತ್ತಾರೆ. ಮೊದಲ ತಪ್ಪು ಗೊಂಬೆಯ ಮೇಲಾದರೆ ಯಾರಿಗೂ ನೋವಿಲ್ಲ.

ವಾರ್ಡಿನ ಪಕ್ಕದಲ್ಲೇ ಒಂದು ಬೋಧನಾ ಕೊಠಡಿಯಿದ್ದರೆ ರೋಗದ ಚರ್ಚೆ ರೋಗಿಯ ತಲೆಯ ಮೇಲೆಯೇ ನಡೆಯಬೇಕಾಗಿಲ್ಲ. ತಪಾಸಣಾ ಮಂಚಕ್ಕೆ ಪರದೆ ಬೇಕು. ಬಾಗಿಲು ತೆರೆದಾಗ ಹೊರಗಿನವರಿಗೆ ಮಂಚ ಕಾಣಿಸಬಾರದು. ಇವು ಸಣ್ಣ ವಿಷಯಗಳಂತೆ ತೋರಬಹುದು. ಆದರೆ ನಾಚಿಕೆಯಿಂದ ಕಾಯಿಲೆಯನ್ನು ಮುಚ್ಚಿಡುವ ಸಹೋದರಿಯರಿಗೆ ಇವೇ ದೊಡ್ಡವು.

ಹಳೆಯ ಮಾದರಿ, ಹೊಸ ಮಾದರಿ

ಈ ಕಾಳಜಿ ಇಂದಿನದಲ್ಲ. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಬೇರೆ ಬೇರೆ ಕಾಯಿಲೆಗಳಿಗೆ ಬೇರೆ ವಿಭಾಗಗಳಿದ್ದವು, ಮಹಿಳೆಯರಿಗೆ ಪ್ರತ್ಯೇಕ ಸ್ಥಳವಿತ್ತು, ಮುಖ್ಯ ವೈದ್ಯರು ಪಾಠ ಹೇಳುವ ಕೊಠಡಿಯೂ ಇತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 2016ರಲ್ಲಿ ತೆರೆದ 14 ಮಹಡಿಗಳ ವೈದ್ಯಕೀಯ ಶಿಕ್ಷಣ ಕಟ್ಟಡದಲ್ಲಿ ಒಂದು ಬದಿಯುದ್ದಕ್ಕೂ ಮೆಟ್ಟಿಲುಗಳು, ಅವುಗಳ ನಡುವೆ ಕುಳಿತು ಚರ್ಚಿಸುವ ತಾಣಗಳಿವೆ. ನಿಜವಾದ ಆಸ್ಪತ್ರೆಯಂತೆಯೇ ಕಾಣುವ ಅಭ್ಯಾಸ ಕೊಠಡಿಗಳೂ ಇವೆ.

ಅಷ್ಟು ಹಣ ಎಲ್ಲೆಡೆ ಇರಲಾರದು. ಆದರೆ ಒಂದು ಪರದೆಗೆ, ಸರಿಯಾದ ದಿಕ್ಕಿಗೆ ತಿರುಗಿಸಿದ ಒಂದು ಮಂಚಕ್ಕೆ ಕೋಟಿ ರೂಪಾಯಿ ಬೇಕಿಲ್ಲ.

ನಮಗೆ ತಿಳಿದಿರಬೇಕಾದ್ದು

ಪುರುಷ ವೈದ್ಯರು ತಪಾಸಣೆ ಮಾಡುವಾಗ ಇನ್ನೊಬ್ಬ ಮಹಿಳೆ ಹಾಜರಿರುವುದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದಿದೆ. ಸಂಕೋಚವಿಲ್ಲದೆ ಕೇಳಿ. ಮಗಳಿಗೆ ವೈದ್ಯಕೀಯ ಸೀಟು ಸಿಕ್ಕಿ ಕಾಲೇಜು ನೋಡಲು ಹೋದಾಗಲೂ ಕಟ್ಟಡದ ಹೊರಗಿನ ಗಾಜನ್ನಷ್ಟೇ ನೋಡಬೇಡಿ. ಒಳಗಿನ ಸ್ಕಿಲ್ಸ್ ಲ್ಯಾಬ್ ಮತ್ತು ವಾರ್ಡಿನ ಪರದೆಗಳನ್ನೂ ನೋಡಿ. ರೋಗಿಯ ಮಾನ ಕಾಯುವ ಕಟ್ಟಡದಲ್ಲಿ ಕಲಿತವಳು ನಾಳೆ ತನ್ನ ಬಳಿ ಬರುವವರ ಮಾನವನ್ನೂ ಕಾಯುತ್ತಾಳೆ.